ಖಾಲಿ ಡಿಸ್ಕಿನಲ್ಲಿ ಹಾಡಿದವನ ಪಾಲು

ಇವತ್ತು ಇಲ್ಲಿ ದುಬೈಯ ಮುರಕ್ಕಬಾತ್‌ನ ಅಂಗಡಿಯಲ್ಲಿ ಆದದ್ದು ಕೇಳಿ ಮಾರಾಯ್ರೆ. ನಾನು ತೆಗೆದ ಮದುವೆ ಫೋಟೋಗಳನ್ನು ಇಡ್ಲಿಕ್ಕೆ ಹಾರ್ಡ್ ಡಿಸ್ಕ್ ಬೇಕಿತ್ತು. ಜರ್ಮನಿಯಿಂದ ಬಂದಿರುವ ಹೆಂಡತಿಯ ಅಣ್ಣ ಜೊತೆಗಿದ್ದರು. ರೇಟ್ ಕೇಳಿ ಅವರಿಗೆ ಆಶ್ಚರ್ಯ, ಇಷ್ಟು ಕಡಿಮೆಯಾ ಅಂತ.

"ನಮ್ಮ ಜರ್ಮನಿಯಲ್ಲಿ ಖಾಲಿ ಡಿಸ್ಕಿನ ಬೆಲೆಯಲ್ಲೇ ಹಾಡುಗಾರರ ಪಾಲೂ ಸೇರಿರ್ತದೆ. ಜನ ಹೇಗೂ ಕಾಪಿ ಮಾಡ್ತಾರಲ್ಲ, ಅದಕ್ಕೆ."

ನನಗೆ ಉರಿದುಹೋಯಿತು. "ನನ್ನ ಫೋಟೋ ಇಡ್ಲಿಕ್ಕೆ ಯಾರೋ ಹಾಡಿದವನಿಗೆ ನಾನ್ಯಾಕೆ ಕೊಡ್ಬೇಕು ಭಾವ? ಕದಿಯುವ ಮೊದಲೇ ದಂಡವಾ?" ಅಂತ ಅಂಗಡಿಗೆಲ್ಲ ಕೇಳುವ ಹಾಗೆ ಭಾಷಣ ಬಿಗಿದೆ.

ಊರ ಕಡೆಯವರೇ ಆದ ಅಂಗಡಿಯವರಿಗೆ ಭಾರೀ ಖುಷಿ. "ಸರಿಯಾಗಿ ಹೇಳಿದ್ರಿ ಸಾರ್. ಇಲ್ಲಿ ಅದೆಲ್ಲ ಮಾಫಿ, ಇಲ್ಲವೇ ಇಲ್ಲ. ನಾನು ಡಿಸ್ಕ್ ಖಾಲಿ ಕೊಡುವುದೇ ಇಲ್ಲ, ಊರಿನ ಹಾಡು ತುಂಬಿಸಿ ಫ್ರೀ ಕೊಡ್ತೇನೆ" ಅಂತ ಕಂಪ್ಯೂಟರಿನಲ್ಲಿ ಒಂದು ಕೊಂಕಣಿ ಹಾಡು ಹಾಕಿದರು. "ಇದನ್ನಂತೂ ಎಲ್ಲರೂ ಕೇಳಿ ತಗೊಂಡು ಹೋಗ್ತಾರೆ."

ಹಾಡುತ್ತಿದ್ದದ್ದು ನಾನು. ಹದಿನೈದು ವರ್ಷದ ಹಿಂದೆ ಇದೇ ಭಾವನ ತಂಗಿಯ ಬಳೆ ಮಾರಿ ಮಾಡಿಸಿದ ಕ್ಯಾಸೆಟ್. ಮಾರಾಟವಾಗದೆ ಉಳಿದವು ಇನ್ನೂ ಊರಿನ ಮನೆಯ ಮಂಚದ ಅಡಿಯಲ್ಲಿ ಉಂಟು.

ಭಾವ ಒಮ್ಮೆ ನನ್ನ ಮುಖ ನೋಡಿ, ಏನೂ ಗೊತ್ತಿಲ್ಲದವರ ಹಾಗೆ ಅಂಗಡಿಯವರನ್ನು ಕೇಳಿದರು. "ಹಾಡಿದ್ದು ಯಾರು?"

"ಯಾರೋ ಹಾಡಿದವನು ಸಾರ್."

ನನ್ನದೇ ಮಾತು. ತೆಪ್ಪಗೆ ಡಿಸ್ಕ್ ತಗೊಂಡು ಬಂದೆ, ಹಾಡು ಸಮೇತ.