ಮಾವ ಕಟ್ಟಿದ ಗಾಡಿ, ಅಳಿಯಂದಿರ ಕೈ

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ತಪ್ಪು ಒಪ್ಪಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಗೇಟು, ಕಿಟಕಿ ಸರಳು ವೆಲ್ಡ್ ಮಾಡುವುದು ಅವರ ಕಸುಬು. ಎಲ್ಲರ ಬಾಯಲ್ಲೂ ಅವರು ಗೇಟ್ ಮೇಸ್ತ್ರಿ. ಮಾಡಿಕೊಟ್ಟ ಗೇಟಿನ ಚಿಲಕ ಕೂರದಿದ್ದರೆ ಗೋಡೆ ವಾಲಿದೆ ಎನ್ನುತ್ತಾರೆ. ಚಹಾ ಚೆಲ್ಲಿದರೆ ಮೇಜು ಕುಂಟು. ಇಷ್ಟು ವರ್ಷ ಅವರ ಜೊತೆ ಬಾಳಿದ ನನಗೆ ಇದೇನು ಹೊಸದಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡುತ್ತೇನೆ. ಆದರೆ ಮಗಳ ಗಂಡ, ನಮ್ಮ ಅಳಿಯಂದಿರ ವಿಷಯದಲ್ಲಿ ಹಾಗೆ ಬಿಡಲಾಗಲಿಲ್ಲ.

ಮುಚ್ಚಿದ ಮಿಲ್ಲಿನ ಅಂಗಳದಲ್ಲಿ ಭಾನುವಾರ ಒಂದಷ್ಟು ಜನ ಸೇರಿ, ಮನೆಯಲ್ಲೇ ಕಟ್ಟಿದ ಮೋಟಾರು ಗಾಡಿಗಳ ರೇಸ್ ನಡೆಸುತ್ತಾರೆ. ನೋಡಲು ಹೋದ ನಮ್ಮವರಿಗೂ ಹುಚ್ಚು ಹಿಡಿಯಿತು. ಹಳೇ ಸ್ಕೂಟರಿನ ಇಂಜಿನ್, ಗೇಟಿಗೆ ತಂದು ಮಿಕ್ಕ ಪೈಪು, ನಾಲ್ಕು ಪುಟ್ಟ ಚಕ್ರ, ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ, ಇಷ್ಟರಲ್ಲಿ ಗಾಡಿ ಕಟ್ಟಿದರು. ಆ ಕುರ್ಚಿ ನನ್ನದು, ಕೇಳುವ ಸೌಜನ್ಯವೂ ಇಲ್ಲ. ಓಡಿಸಲು ಅಳಿಯಂದಿರನ್ನು ಕರೆದರು. ಅವರು ಸಿಟಿ ಬಸ್ಸಿನ ಡ್ರೈವರ್, ಮಾತು ಕಡಿಮೆ, ಮಾವ ಕರೆದರೆ ಇಲ್ಲ ಎನ್ನುವವರಲ್ಲ.

ಗಾಡಿ ನೇರ ದಾರಿಯಲ್ಲಿ ಬಾಣದ ಹಾಗೆ ಹೋಗುತ್ತಿತ್ತು. ಕೊನೆಯಲ್ಲಿ ಒಂದು ಡ್ರಮ್ಮನ್ನು ಸುತ್ತಿ ಬರಬೇಕು, ಅಲ್ಲೇ ಗ್ರಹಚಾರ. ಎಷ್ಟು ತಿರುಗಿಸಿದರೂ ಮುಂದಿನ ಚಕ್ರಗಳು ಕಿರುಚಿ, ಗಾಡಿ ಉದ್ದಕ್ಕೆ ಜಾರಿ, ಅಡ್ಡ ಪೇರಿಸಿದ್ದ ಹಳೇ ಟೈರುಗಳಿಗೆ ಹೋಗಿ ಗುದ್ದುತ್ತಿತ್ತು. ನಮ್ಮವರು ಅದನ್ನು ಮನೆಯ ಶೆಡ್ಡಿಗೆ ಒಯ್ದು, ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರವನ್ನು ಗೇಣುದ್ದ ಕಡಿಮೆ ಮಾಡಿದರು. ಮುಂದಿನ ಭಾನುವಾರ ತಿರುವು ಸ್ವಲ್ಪ ಚಿಕ್ಕದಾಯಿತು, ಕಿರುಚಾಟ ಹೋಗಲಿಲ್ಲ. ಮತ್ತೆ ಗುದ್ದಿದಾಗ ಎಲ್ಲರೂ ನಕ್ಕರು. ನಮ್ಮವರ ಮುಖ ಕೆಂಪಾಯಿತು.

"ಗಾಡಿಗೇನಾಗಿದೆ? ಬಸ್ಸು ಎಳೆದು ಎಳೆದು ನಿಮ್ಮ ಕೈ ಮೊದ್ದಾಗಿದೆ. ತಿರುಗಿಸೋಕೇ ಬರಲ್ಲ ನಿಮಗೆ" ಅಂದುಬಿಟ್ಟರು.

ದಿನವಿಡೀ ಬಸ್ಸು ತಿರುಗಿಸಿ ಅನ್ನ ತಿನ್ನುವ ಮನುಷ್ಯನಿಗೆ, ಅದೂ ಮನೆ ಅಳಿಯನಿಗೆ, ನಾಲ್ಕು ಜನರೆದುರು ಆಡುವ ಮಾತೇ ಇದು! ಅಲ್ಲೇ ನಿಂತಿದ್ದ ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಳಿಯಂದಿರು ಹೆಲ್ಮೆಟ್ ಬಿಚ್ಚಿ ಕುರ್ಚಿಯ ಮೇಲಿಟ್ಟರು. ಸರಿ ಮಾವ ಎಂದಷ್ಟೇ ಹೇಳಿ ಬಸ್‌ಸ್ಟಾಪಿಗೆ ನಡೆದರು.

ಆ ವಾರ ಮಗಳು ಫೋನಿನಲ್ಲಿ ಒಂದು ಸಂಗತಿ ಹೇಳಿದಳು. ವರ್ಷಗಳಿಂದ ಒಂದೇ ಸಲಕ್ಕೆ ತಿರುಗಿಸುತ್ತಿದ್ದ ಮೂಲೆಯಲ್ಲಿ ಅಳಿಯಂದಿರು ಈಗ ಬಸ್ಸು ನಿಲ್ಲಿಸಿ, ಹಿಂದೆ ತೆಗೆದು, ಮತ್ತೆ ತಿರುಗಿಸುತ್ತಿದ್ದಾರಂತೆ. ಕಂಡಕ್ಟರ್ ಕೇಳಿದರೆ ತಮ್ಮ ಕೈ ಮೇಲೆ ನಂಬಿಕೆ ಇಲ್ಲ ಎಂದರಂತೆ. ಇದನ್ನು ಒಂದಕ್ಷರ ಬಿಡದೆ ನಮ್ಮವರ ಮುಂದೆ ಒಪ್ಪಿಸಿದೆ. ಊಟ ಅರ್ಧಕ್ಕೇ ಬಿಟ್ಟು ಶೆಡ್ಡಿಗೆ ಹೋದರು.

ಶೆಡ್ಡಿನ ನೆಲ ಆಗಷ್ಟೇ ತೊಳೆದಿದ್ದೆ. ಇವರು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಕಟ್ಟಿ, ಗಾಡಿಯನ್ನು ಮೆಲ್ಲಗೆ ತಳ್ಳಿದರು. ಒದ್ದೆ ಸಿಮೆಂಟಿನ ಮೇಲೆ ಚಕ್ರಗಳ ಗೆರೆ ಮೂಡಿತು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಒಳಕ್ಕೆ ತಿರುಗಬೇಕು, ಅದರ ಸುತ್ತು ಚಿಕ್ಕದಲ್ಲವೇ. ಇಲ್ಲಿ ಉಲ್ಟಾ. ಒಂದು ಚಕ್ರ ಬಾ ಎಂದರೆ ಇನ್ನೊಂದು ಬರಲ್ಲ ಎನ್ನುತ್ತಿತ್ತು. ಮುಂದಿನ ಚಕ್ರಗಳೆರಡನ್ನೂ ಜೋಡಿಸುವ ಅಡ್ಡಸರಳು ಕಾಲಿಗೆ ತಾಗುತ್ತದೆಂದು ಇವರೇ ಅದನ್ನು ಮುಂದಕ್ಕೆ ತಂದಿದ್ದರು. ಹಾಗೆ ತಂದ ಮೇಲೆ ಚಕ್ರದ ಬುಡದಿಂದ ಚಾಚಿ ಅದನ್ನು ಹಿಡಿಯುವ ಕಬ್ಬಿಣದ ತೋಳುಗಳನ್ನು ಹೊರಕ್ಕೆ ಬಾಗಿಸಬೇಕಿತ್ತು, ಒಳಕ್ಕೇ ಬಿಟ್ಟಿದ್ದರು.

ನಮ್ಮವರು ಆ ಗೆರೆಗಳ ಪಕ್ಕದಲ್ಲೇ ಕೂತರು. ಗೋಡೆಯನ್ನು ದೂರುವಂತಿರಲಿಲ್ಲ. ನಾಚಿಕೆ ಆಗ್ತಿದೆ ಕಣೇ ಎಂದರು; ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹಾಗಾದರೆ ಈಗಲೇ ಫೋನ್ ಮಾಡಿ ಹೇಳಿ ಎಂದೆ. ಸರಿ ಮಾಡ್ತೀನಲ್ಲ, ಅಷ್ಟು ಸಾಕು ಎಂದು ಗ್ರೈಂಡರ್ ಕೈಗೆತ್ತಿಕೊಂಡರು. ತೋಳು ಕತ್ತರಿಸಿ, ಹೊರಕ್ಕೆ ಬಾಗಿಸಿ ಬೆಸೆದರು. ಅಳಿಯಂದಿರನ್ನು ಕರೆಯುವಾಗ ಮಾತ್ರ, ಒಂದೆರಡು ಬೋಲ್ಟು ಬಿಗಿ ಮಾಡಿದ್ದೀನಿ ಬನ್ನಿ ಎಂದರು.

ಭಾನುವಾರ ಗಾಡಿ ಡ್ರಮ್ಮನ್ನು ಸವರಿಕೊಂಡು ತಿರುಗಿತು. ಕಿರುಚಾಟವೂ ಇಲ್ಲ, ಜಾರುವುದೂ ಇಲ್ಲ. ಮೇಸ್ತ್ರಿ ಬೈದದ್ದಕ್ಕೆ ಹುಡುಗ ಕಲಿತ ಎಂದು ಎಲ್ಲರೂ ಇವರ ಬೆನ್ನು ತಟ್ಟಿದರು. ಅಳಿಯಂದಿರೂ ಬಂದು, ನೀವು ಅಂದದ್ದು ಸರಿ ಮಾವ, ನನ್ನ ಕೈಯೇ ಒರಟು, ಈ ಸಲ ಹಗುರವಾಗಿ ಹಿಡಿದೆ ಎಂದರು. ನಮ್ಮವರು ಹಲ್ಲು ಕಿರಿದು ನಿಂತಿದ್ದರು. ಆ ಹೊಗಳಿಕೆ ಹೇಗೆ ಗಂಟಲಲ್ಲಿಳಿಯಿತೋ! ನಾನು ನೋಡಿದ ನೋಟಕ್ಕೆ ಅವರ ನಗು ಅಲ್ಲೇ ಆರಿತು.

ಗಾಡಿಯನ್ನು ಟೆಂಪೋಗೆ ಏರಿಸುವಾಗ, ಬೇರೆ ಯಾರೂ ಹತ್ತಿರ ಇಲ್ಲದ್ದು ನೋಡಿಕೊಂಡು, ಇವರು ಅಳಿಯಂದಿರಿಗೆ ಪಿಸುದನಿಯಲ್ಲಿ ಎಲ್ಲ ಹೇಳಿದರು. ತೋಳು ತಪ್ಪಾಗಿ ಬೆಸೆದದ್ದು ತಾನು, ಅವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಅಳಿಯಂದಿರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಕಣ್ಣು ತುಂಬಿತ್ತು.

"ಬೈದಿದ್ದು ಎಲ್ಲರ ಮುಂದೆ ಮಾವ, ಇದನ್ನ ಮಾತ್ರ ಕಿವೀಲಿ ಹೇಳ್ತಿದ್ದೀರಿ."

ನಮ್ಮವರು ಗಾಡಿ ಕಟ್ಟುತ್ತಿದ್ದ ಹಗ್ಗವನ್ನು ಕೈಬಿಟ್ಟರು. ಜನ ಚಹಾ ಕುಡಿಯುತ್ತಿದ್ದ ಕಡೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಟೋಪಿ ತೆಗೆದು, ತಲೆ ತಗ್ಗಿಸಿ, ಅದೇ ಮಾತುಗಳನ್ನು ಹೇಳಿದರು. ದನಿ ಮುಂದೆ ಕೂತವರಿಗಷ್ಟೇ ಮುಟ್ಟಿತು.

ಹಿಂದಿನ ಬೆಂಚಿನಿಂದ ಯಾರೋ, ಕೇಳಿಸ್ಲಿಲ್ಲ ಮೇಸ್ತ್ರಿ, ಏನಂದ್ರಿ ಎಂದರು.

ನಮ್ಮವರು ತಲೆಯೆತ್ತಿ ಮತ್ತೆ ಮೊದಲಿನಿಂದ ಹೇಳಿದರು.