ನಾಲ್ಕನೆಯ ಹೆಗಲು

ದೊಡ್ಡವ್ವ ಬಲಗೈಯ ಹೆಬ್ಬೆರಳನ್ನು ಸದಾ ಮುಷ್ಟಿಯೊಳಗೆ ಮುಚ್ಚಿಕೊಂಡೇ ಕೂರುತ್ತಿದ್ದರು. ಹರೆಯದಲ್ಲಿ ಯಾರೋ ಖಾಲಿ ಕಾಗದದ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರಂತೆ. ಅಂದಿನಿಂದ ಕಾಗದ ಹಿಡಿದು ಬಂದವರ ಎದುರು ಆ ಬೆರಳು ಹೊರಗೆ ಬರುತ್ತಿರಲಿಲ್ಲ. ನಾನೋ, ಕಾಗದದ ಕಟ್ಟನ್ನೇ ಹೊತ್ತು ಅವರ ಊರು ಸಿರಿಗೇರಿಗೆ ಹೋಗಿದ್ದೆ.

"ಯಾರು ಕಳಿಸ್ಯಾರ ನಿನ್ನ?" ಇದು ಅವರ ಮೊದಲ ಮಾತು.

"ಯಾರೂ ಕಳಿಸಿಲ್ಲವ್ವಾ. ಬಳ್ಳಾರಿಯಾಗ ನಿಮ್ಮ ಭಾಷಣ ಕೇಳಿದ್ದೆ. ನಿಮ್ಮ ಕಥಿ ಚಿತ್ರದಾಗ ಬರೀಬೇಕಂತ ಬಂದೀನಿ."

"ಕಳಿಸಿದವ್ರು ಹಂಗ ಹೇಳಂತ ಹೇಳಿರ್ತಾರ."

ನಾನು ಬಳ್ಳಾರಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸವಿಲ್ಲದೆ ಶಾಲೆಯೊಂದರಲ್ಲಿ ಚಿತ್ರಕಲಾ ಮೇಷ್ಟ್ರಾದೆ. ಭತ್ತದ ಗದ್ದೆಯಲ್ಲಿ ಕೂಲಿ ಮಾಡುತ್ತಲೇ ತನ್ನ ಕೇರಿಯ ಹಕ್ಕಿಗಾಗಿ ಜೀವಮಾನವಿಡೀ ಬಡಿದಾಡಿದ ಈ ಹೆಂಗಸಿನ ಬದುಕನ್ನು ಕಾಮಿಕ್ಸ್ ಪುಸ್ತಕ ಮಾಡಬೇಕೆಂಬ ಹಟ ಹಿಡಿದಿತ್ತು. ಅವರಿಗೆ ಅಕ್ಷರ ಬಾರದಿದ್ದರೂ ತಮ್ಮ ಕಥೆಯನ್ನು ತಾವೇ ನೋಡಿ ತಿದ್ದಬಹುದಲ್ಲ ಎಂದುಕೊಂಡಿದ್ದೆ. ತಿದ್ದಿದರು, ಚೆನ್ನಾಗಿಯೇ ತಿದ್ದಿದರು.

"ಈಕಿ ಯಾರು?"

"ನೀವ ಅವ್ವಾ."

"ನಾ ಯಾವಾಗ ಇಷ್ಟು ಬೆಳ್ಳಗಿದ್ದೆ? ಇದರಾಗ ಏನೋ ಐತಿ."

ಚಿತ್ರದ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳ ಮೇಲಂತೂ ಅವರಿಗೆ ಎಲ್ಲಿಲ್ಲದ ಅನುಮಾನ. ಒಳಗೆ ಬರೆದ ಮಾತನ್ನು ನಾನು ಓದಿ ಹೇಳಿದರೆ ನಂಬುತ್ತಿರಲಿಲ್ಲ. ಒಮ್ಮೆ ಸೊಸೆಯಿಂದ ಓದಿಸುವರು, ನಾನಿಲ್ಲದಾಗ ಅಂಗನವಾಡಿ ಟೀಚರಿಂದ ಓದಿಸುವರು. ಎರಡೂ ತಾಳೆಯಾದರೆ ಮಾತ್ರ ಮುಂದಿನ ಪುಟ.

ಅವರ ಬದುಕಿನ ದೊಡ್ಡ ಘಟನೆ ನಡೆದದ್ದು ಅತ್ತೆ ಸತ್ತ ದಿನ. ಕೇರಿಯಿಂದ ಸುಡುಗಾಡಿಗೆ ಹೋಗುವ ದಾರಿಗೆ ಪಕ್ಕದ ಗದ್ದೆಯ ಸಾವುಕಾರ ಮುಳ್ಳುಬೇಲಿ ಹಾಕಿಸಿದ್ದ. ದೊಡ್ಡವ್ವ ಚಟ್ಟವನ್ನು ಬೇಲಿಯ ಮುಂದೆ ಇಳಿಸಿ, ಸಿರುಗುಪ್ಪದಿಂದ ತಹಸೀಲ್ದಾರರು ಬರುವ ತನಕ ಹೆಣ ಎತ್ತುವುದಿಲ್ಲವೆಂದು ಕೂತರು. ಸಂಜೆಗೆ ತಹಸೀಲ್ದಾರರು ನಕ್ಷೆ ತಂದು ನೋಡಿದರೆ ದಾರಿ ಕೇರಿಯದೇ. ಬೇಲಿ ಕಿತ್ತರು. ಆ ಗದ್ದಲದಲ್ಲಿ ಹಾರಿದ ಕಲ್ಲೊಂದು ಸಾವುಕಾರನ ತಮ್ಮನ ತಲೆ ಒಡೆಯಿತು. ಕಲ್ಲು ಎಸೆದದ್ದು ದೊಡ್ಡವ್ವನೇ ಎಂದು ಒಬ್ಬ ಸಾಕ್ಷಿ ಹೇಳಿದ. ಆರು ತಿಂಗಳು ಬಳ್ಳಾರಿ ಜೈಲು.

ಚಟ್ಟ ಹೊತ್ತ ನಾಲ್ವರನ್ನು ಬರೆಯಬೇಕಿತ್ತು. ಮೂವರ ಚಹರೆ ಕೂದಲು ಬಿಡದಂತೆ ಹೇಳಿದರು. ನಾಲ್ಕನೆಯವನು?

"ಮಾರಿ ನೆನಪಿಲ್ಲ."

ಅಂದು ಬಂದ ಪೊಲೀಸನ ಅಂಗಿಯಲ್ಲಿ ಎಷ್ಟು ಗುಂಡಿ ಕಿತ್ತುಹೋಗಿದ್ದವು ಎಂದು ಹೇಳುವ ಹೆಂಗಸಿಗೆ ಇದು ಮರೆತೀತೆ? ಸಾಕ್ಷಿಯ ಬಗ್ಗೆ ಕೇಳಿದರೂ ಅದೇ ಉತ್ತರ. ಈಗ ಅನುಮಾನ ಪಡುವ ಸರದಿ ನನ್ನದು. ನಿಜಕ್ಕೂ ಕಲ್ಲು ಎಸೆದವರು ಇವರೇ ಇರಬಹುದೆ? ಊರಲ್ಲಿ ಗುಟ್ಟಾಗಿ ವಿಚಾರಿಸಿದೆ. ಹೆಗಲು ಕೊಟ್ಟ ನಾಲ್ಕನೆಯವನೂ ಸಾಕ್ಷಿ ಹೇಳಿದವನೂ ಒಬ್ಬನೇ, ಈಗ ಕುರುಗೋಡಿನಲ್ಲಿ ಮಗನ ಜೊತೆ ಇದ್ದಾನೆ ಎಂದು ತಿಳಿಯಿತು. ದೊಡ್ಡವ್ವನಿಗೆ ಹೇಳದೆ ಬಸ್ಸು ಹತ್ತಿದೆ.

ಮುದುಕ ನನ್ನ ಚಿತ್ರಗಳನ್ನು ಬಹಳ ಹೊತ್ತು ನೋಡಿದ. "ಆಕಿ ಕಲ್ಲು ಮುಟ್ಟೇ ಇಲ್ರಿ. ನಾ ಸಾವುಕಾರ್ರ ಮನಿ ಜೀತದಾಳು. ಹೆಂಡ್ತಿ ಮಕ್ಳು ಅವ್ರ ಕೊಟ್ಟಿಗಿಯಾಗ ಇದ್ರು. ಹೇಳು ಅಂದಿದ್ದು ಹೇಳಿದೆ." ಆಮೇಲೆ ಖಾಲಿ ಬಿಟ್ಟ ನಾಲ್ಕನೆಯ ಮುಖದ ಮೇಲೆ ಬೆರಳಿಟ್ಟ. "ಇಲ್ಲಿ ನನ್ನ ಮಾರಿ ಬರೀರಿ. ಕೋರ್ಟಿನ ಚಿತ್ರದಾಗೂ ಬರೀರಿ."

ವಿಷಯ ತಿಳಿಸಿದಾಗ ದೊಡ್ಡವ್ವ ನನ್ನ ಮೇಲೆ ಹರಿಹಾಯ್ದರು. "ಅವನ ಮೊಮ್ಮಕ್ಳು ಸಾಲಿ ಕಾಲೇಜಿಗೆ ಹೋಗ್ತಾರ. ಈ ಪುಸ್ತಕ ಅವ್ರ ಕೈಗೆ ಸಿಗೂದಿಲ್ಲೇನು? ನೀನ ಅಂಜಿಸಿ ಹೇಳಿಸಿರಬೇಕು."

ಮುಂದಿನ ವಾರ ಮುದುಕ ತಾನೇ ಸಿರಿಗೇರಿಗೆ ಬಂದ. ದೊಡ್ಡವ್ವ ಅವನನ್ನು ಕೂಡು ಎನ್ನಲಿಲ್ಲ.

"ಮೊಮ್ಮಕ್ಳಿಗೆ ಹೇಳೀಯೇನಲೇ?"

"ಇಲ್ಲವ್ವಾ."

"ಮೊದ್ಲು ಅವ್ರಿಗೆ ಹೇಳು. ಆಮ್ಯಾಲ ಇಂವ ಬರೀತಾನ."

ಎಂಟು ತಿಂಗಳು ಚಟ್ಟದ, ಕೋರ್ಟಿನ ಆ ಎರಡು ಪುಟ ಖಾಲಿ ಉಳಿದವು. ನನಗೆ ಸಿಟ್ಟು ಬಂದಿತ್ತು, ಪುಸ್ತಕ ನಿಲ್ಲಿಸಲು ಇದೊಂದು ನೆಪ ಎಂದೇ ತಿಳಿದಿದ್ದೆ. ಕೊನೆಗೆ ಕುರುಗೋಡಿನಿಂದ ಫೋನು ಬಂತು: "ಹೇಳೀನ್ರಿ." ದೊಡ್ಡವ್ವ ಅದನ್ನೂ ನಂಬದೆ ಮುದುಕನ ಮೊಮ್ಮಗಳನ್ನು ಫೋನಿಗೆ ಕರೆಸಿ, ಏನು ಹೇಳಿದ, ಹೇಗೆ ಹೇಳಿದ ಎಂದು ವಿಚಾರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬರಿ. ಆದ್ರ ಕಳ್ಳನ ಮಾರಿ ಮಾಡಬ್ಯಾಡ. ಅಂಜಿದ ಮನಷ್ಯಾನ ಮಾರಿ ಮಾಡು" ಎಂದರು. ನಾಲ್ಕು ಸಲ ಬರೆದೆ. ಅಂಜಿದ ಮುಖ ಬರೆಯುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ನಾನು ಇಂದಿಗೂ ಒಬ್ಬ ಮನುಷ್ಯನ ಚಿತ್ರ ಬರೆಯುವ ಮೊದಲು ಅವನಿಗೆ ಏನೇನು ಅಂಜಿಕೆಯಿತ್ತು ಎಂದು ಕೇಳಿಕೊಳ್ಳುತ್ತೇನೆ. ಅದು ಅವರು ಕಲಿಸಿದ್ದು.

ಪುಸ್ತಕ ಅಚ್ಚಾದ ಮೂರನೇ ತಿಂಗಳಿಗೆ ದೊಡ್ಡವ್ವ ಹೋದರು. ಮಣ್ಣಿಗೆ ನಾನು ಹೋಗುವಷ್ಟರಲ್ಲಿ ಮುದುಕ ಬಂದು ದೂರದಲ್ಲಿ ನಿಂತಿದ್ದ. ಗುರುತು ಹಿಡಿದ ಕೇರಿಯ ಹೆಂಗಸರು ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಅವನ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಮುಂದೆ ಬಂದು ಕೈಯಲ್ಲಿದ್ದ ಪುಸ್ತಕ ಬಿಚ್ಚಿ, ಕೋರ್ಟಿನ ಪುಟ ತೋರಿಸಿದಳು.

"ಸುಳ್ಳು ಸಾಕ್ಷಿ ಹೇಳಾಕತ್ಯಾನಲ್ರಿ, ಇಂವ ನಮ್ಮ ತಾತ. ನಾವಿಬ್ರೂ ಮಣ್ಣು ಹಾಕಬಹುದೇನ್ರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದೊಡ್ಡವ್ವನ ಸೊಸೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.