ನೀರು ತಾಕದ ಆಯುಧಪೂಜೆ

ನನ್ನದು ಮೊದಲಿನಿಂದಲೂ ಕೂತಲ್ಲಿ ಕೂರದ ಜೀವ. ಅಂಥವನಿಗೆ ಸಿಕ್ಕ ಕೆಲಸ ನೋಡಿ: ನಿದ್ದೆ ಬರಿಸುವ ಔಷಧಿ ತಯಾರಿಸುವುದು. ಯುದ್ಧದ ವರ್ಷಗಳು. ಹಡಗಿನಲ್ಲಿ ಬರುತ್ತಿದ್ದ ಔಷಧಿಗಳು ನಿಂತುಹೋಗಿದ್ದವು. ಹಲಸೂರಿನಾಚೆ, ಕೃಷ್ಣರಾಜಪುರದ ದಾರಿಯಲ್ಲಿ, ಒಬ್ಬ ಸಾಹುಕಾರರು ಹಂಚಿನ ಗೋದಾಮೊಂದನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ನಾನು ಅಲ್ಲಿನ ಕೆಮಿಸ್ಟ್. ದಂಡಿನ ಆಸ್ಪತ್ರೆಗಳಲ್ಲಿ ಗಾಯಾಳುಗಳು ನಮ್ಮ ಔಷಧಿ ತೆಗೆದುಕೊಂಡು ಮಲಗುತ್ತಿದ್ದರು. ನಾನು ರಿಚರ್ಡ್ಸ್ ಟೌನಿನ ಬಾಡಿಗೆ ಮನೆಯಲ್ಲಿ ಹೊರಳಾಡುತ್ತಿದ್ದೆ.

ನನ್ನ ನಿದ್ದೆಗೆಡಿಸಿದ್ದು ಆ ಔಷಧಿ ತಯಾರಿಕೆಗೆ ಬೇಕಾಗಿದ್ದ ಸೋಡಿಯಂ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ, ಚಾಕುವಿಗೆ ಬೆಣ್ಣೆಯಂತೆ ಸಿಗುವ ಮೆತ್ತನೆಯ ಲೋಹ. ಗಟ್ಟಿಯಾಗಿಯೇ ಹಾಕಿದರೆ ಅದರ ಮೇಲ್ಮೈಯಷ್ಟೇ ಕೆಲಸ ಮಾಡುತ್ತದೆ. ಬೆಲ್ಲದ ಅಚ್ಚಿಗಿಂತ ಪುಡಿಬೆಲ್ಲ ಬೇಗ ಕರಗುವುದಿಲ್ಲವೇ, ಹಾಗೆ ಇದನ್ನೂ ಪುಡಿ ಮಾಡಬೇಕು. ಆದರೆ ಕುಟ್ಟುವಂತಿಲ್ಲ. ಕಬ್ಬಿಣದ ಹಂಡೆಯಲ್ಲಿ ಟಾಲೂಯಿನ್ ಎಂಬ ಎಣ್ಣೆಯಂಥ ದ್ರವವನ್ನು ಕಾಯಿಸಿ, ಅದರೊಳಗೆ ಸೋಡಿಯಂ ಕರಗಿಸಿ, ಹನಿಗಳು ಮತ್ತೆ ಒಂದಕ್ಕೊಂದು ಕೂಡದಂತೆ ಚೂರು ಒಲೀಕ್ ಆಮ್ಲ ಬೆರೆಸಿ, ಮೋಟಾರಿಗೆ ಕಟ್ಟಿದ ಕಡೆಗೋಲಿನಿಂದ ರಭಸವಾಗಿ ಕಡೆಯಬೇಕು. ಆಮೇಲೆ ಅಲುಗಾಡಿಸದೆ ಆರಲು ಬಿಟ್ಟರೆ ಬೂದುಬಣ್ಣದ ಮಂದ ದ್ರವವಾಗುತ್ತದೆ. ನಮ್ಮವರ ಬಾಯಲ್ಲಿ ಅದು ಗಂಜಿ. ಆ ಗಂಜಿಗೆ ಒಂದು ಲೋಟ ನೀರು ಬಿದ್ದರೆ ಸಾಕು, ಹಂಡೆ, ಹಂಚು, ನಾವು, ಎಲ್ಲ ಒಟ್ಟಿಗೆ ಉರಿದುಹೋಗುತ್ತಿದ್ದೆವು.

ಆ ಕೋಣೆಗೆ ಕುಡಿಯುವ ನೀರಿನ ಹೂಜಿಯೂ ಬರುವಂತಿರಲಿಲ್ಲ. ಮೋಡ ಕವಿದರೆ ನಾನು ಗಳಿಗೆಗೊಮ್ಮೆ ಎದ್ದು ಹಂಚು ನೋಡುತ್ತಿದ್ದೆ. ಮನೆಯಲ್ಲಿ ಹೆಂಡತಿ ಬಿಂದಿಗೆ ತುಳುಕಿಸಿದರೂ ಬೆಚ್ಚುತ್ತಿದ್ದೆ.

“ನಿಮ್ಗೇನು ಹುಚ್ಚುನಾಯಿ ಕಚ್ಚಿದ್ಯಾ, ನೀರು ಕಂಡ್ರೆ ಹೀಗ್ ಹೆದರ್ತೀರಲ್ಲ?” ಎಂದು ನಗುತ್ತಿದ್ದಳು ಮಹಾರಾಯ್ತಿ.

ಮೋಟಾರಿನ ಉಸ್ತುವಾರಿ ಹಲಸೂರಿನ ಮೇಸ್ತ್ರಿಯೊಬ್ಬರದು. ನನ್ನ ತಂದೆಯ ವಯಸ್ಸಿನವರು, ಮುರುಗನ ಭಕ್ತರು. ಪೂಜೆ ಕಾಣದ ಯಂತ್ರ ಬಲಿ ತೆಗೆದುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಮಿಲ್ಲಿನಲ್ಲಿದ್ದ ಅವರ ತಮ್ಮ, ಪೂಜೆ ತಪ್ಪಿದ ವರ್ಷವೇ ಬೆಲ್ಟಿಗೆ ಸಿಕ್ಕಿ ಸತ್ತಿದ್ದನಂತೆ. ಹಾಗಾಗಿ ಆಯುಧಪೂಜೆ ಅವರಿಗೆ ಹಬ್ಬವಲ್ಲ, ಜೀವದ ಪ್ರಶ್ನೆ.

ಆ ವರ್ಷ ಹಬ್ಬದ ದಿನ ಹಂಡೆಯ ತುಂಬ ಹಿಂದಿನ ದಿನ ಕಡೆದ ಗಂಜಿ ಇತ್ತು. ಮೇಸ್ತ್ರಿ ಉಳಿದ ಯಂತ್ರಗಳನ್ನೆಲ್ಲ ತೊಳೆದು, ಬಕೆಟ್ಟು ಹಿಡಿದು ಹಂಡೆಯ ಕೋಣೆಗೂ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮುಚ್ಚಳ ಗಟ್ಟಿಯಾಗ್ ಹಾಕಿದೀನಿ ಸಾರ್. ಮೇಲ್ಮೇಲೆ ತೊಳೀತೀನಿ, ಅಷ್ಟೇ.”

“ಕಡೆಗೋಲಿನ ಸಂದಿ ಇದೆಯಲ್ರೀ ಮೇಸ್ತ್ರಿ! ಅದ್ರಲ್ಲಿ ನೀರು ಇಳಿದ್ರೆ?”

ಕೊಸರಾಡಿ ಕೊಸರಾಡಿ ಒಂದು ಒಪ್ಪಂದಕ್ಕೆ ಬಂದೆವು. ಹಂಡೆಯನ್ನು ಒಣಬಟ್ಟೆಯಲ್ಲಿ ಒರೆಸುವುದು. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುವುದು. ತೆಂಗಿನಕಾಯಿ, ಬೂದುಗುಂಬಳ ರಸ್ತೆಬದಿಯಲ್ಲಿ ಒಡೆಯುವುದು. ಅವರು ಕರ್ಪೂರ ತೆಗೆದಾಗ ಅದನ್ನೂ ತಡೆದೆ. ಟಾಲೂಯಿನ್ ಆವಿಗೆ ಒಂದು ಕಿಡಿ ಸಾಕು.

“ನೀರೂ ಬೇಡ, ಬೆಂಕೀನೂ ಬೇಡ. ಪೂಜೇಲಿ ಇನ್ನೇನ್ ಉಳೀತು ಸಾರ್?” ಎಂದರು.

ಅಷ್ಟಾದರೂ ನಡೆದುಹೋಗುತ್ತಿತ್ತು. ಆದರೆ ಸಾಹುಕಾರರು ಕರೆಸಿದ್ದ ಪುರೋಹಿತರಿಗೆ ನಮ್ಮ ಒಪ್ಪಂದದ ಗಂಧಗಾಳಿಯೂ ಇರಲಿಲ್ಲ. ಮಂತ್ರ ಹೇಳುತ್ತಾ, ಮಾವಿನೆಲೆಯಿಂದ ಎಲ್ಲ ಯಂತ್ರಗಳ ಮೇಲೂ ತೀರ್ಥ ಚಿಮುಕಿಸುತ್ತಾ, ನೇರ ಹಂಡೆಯ ಕೋಣೆಗೇ ನುಗ್ಗಿದರು. ನಾನು ಹಿಂದಿನಿಂದ ಹಾರಿ ಅವರ ಎರಡೂ ಕೈ ಹಿಡಿದು ಹೊರಕ್ಕೆಳೆದೆ. ತಂಬಿಗೆ ಹೊಸಿಲಾಚೆ ಉರುಳಿತು. ಅವರು ಮಂಗಳಾರತಿಯನ್ನೂ ಮಾಡದೆ ಹೊರಟೇ ಹೋದರು. ಸಾಹುಕಾರರು ಎಲ್ಲರೆದುರು ನನ್ನ ಜನ್ಮ ಜಾಲಾಡಿದರು. ಅದು ನನಗೆ ತಾಕಲಿಲ್ಲ. ಮೇಸ್ತ್ರಿಯ ಮುಖ ತಾಕಿತು. ಬಣ್ಣವೇ ಇಳಿದುಹೋಗಿತ್ತು.

“ಅರ್ಧಕ್ಕೆ ನಿಂತ ಪೂಜೆ, ಮಾಡ್ದೇ ಇರೋದಕ್ಕಿಂತ ಕೆಟ್ಟದ್ದು ಸಾರ್,” ಎಂದಷ್ಟೇ ಹೇಳಿ ಮನೆಗೆ ಹೋದರು.

ಮರುದಿನ ವಿಜಯದಶಮಿ. ಗಂಜಿ ಅಡಿಗಿಳಿದಿರುತ್ತದೆ, ಬಳಸುವ ಮೊದಲು ಮೋಟಾರು ಹಾಕಿ ಒಮ್ಮೆ ಕದಡಲೇಬೇಕು. ನಾನೇ ಸ್ವಿಚ್ ಒತ್ತಿ, ಏನೂ ಆಗುವುದಿಲ್ಲವೆಂದು ಅವರಿಗೆ ತೋರಿಸಿಕೊಡಬೇಕೆಂದುಕೊಂಡು ಸೈಕಲ್ ತುಳಿದು ಬೇಗ ಬಂದೆ. ಅವರು ನನಗಿಂತ ಮೊದಲೇ ಬಂದು, ಹಣೆತುಂಬ ವಿಭೂತಿ ಬಳಿದುಕೊಂಡು ನಿಂತಿದ್ದರು. ನಾನು ಸ್ವಿಚ್ಚಿಗೆ ಕೈ ಚಾಚಿದೆ. ಅವರು ರಟ್ಟೆ ಹಿಡಿದು ನನ್ನನ್ನು ಹೊರಗೆ ನೂಕಿ, ಒಳಗಿನಿಂದ ಅಗುಳಿ ಹಾಕಿಕೊಂಡರು.

“ಮೇಸ್ತ್ರಿ! ಏನ್ರೀ ಇದು? ಬಾಗಿಲು ತೆಗೀರಿ!”

“ಯಂತ್ರ ಬಲಿ ಕೇಳಿದ್ರೆ ನನ್ನೇ ತಗೊಳ್ಲಿ ಸಾರ್. ನಿಮ್ದು ಈಗ್ತಾನೆ ಶುರುವಾಗಿರೋ ಸಂಸಾರ. ದೂರ ಹೋಗಿ.”

ಮೋಟಾರು ಗುಯ್ಯೆಂದಿತು. ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಂಡೆಗೆ ಹನಿ ನೀರೂ ತಾಕಿಲ್ಲ, ಮುಚ್ಚಳ ಭದ್ರವಾಗಿದೆ, ಎಲ್ಲವನ್ನೂ ನಾನೇ ನೋಡಿದ್ದೆ. ಆದರೆ ಒಳಗಿದ್ದವರು ಸಾಯುತ್ತೇನೆಂದು ನಂಬಿಯೇ ಸ್ವಿಚ್ ಒತ್ತಿದ್ದರು. ಯಾವ ದೇವರನ್ನೂ ನಂಬದ ನಾನು ಆ ಬಾಗಿಲಿಗೆ ಹಣೆ ಹಚ್ಚಿ ಅವರ ಮುರುಗನನ್ನು ಬೇಡಿಕೊಂಡೆ: ಕೇಳುವುದೇ ಇದ್ದರೆ ನನ್ನನ್ನು ಕೇಳಪ್ಪ, ಇವರನ್ನು ಬಿಟ್ಟುಬಿಡು.

ಮೋಟಾರು ನಿಂತಿತು, ಅಗುಳಿ ಸರಿಯಿತು. ಹೊರಗೆ ಬಂದ ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬೈದೆ. ಅವರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಬೈದೆ.